ತಟ್ಟೆಯಲ್ಲಿ ಕೀಟಕ್ಕೊಂದು ಜಾಗ

ಎರಡು ವರ್ಷದ ಮಗುವಿನ ಮುಂದೆ ಒಣಗಿಸಿ ಶುದ್ಧಗೊಳಿಸಿದ ಇಡೀ ಮಿಡತೆಯನ್ನು ಇಟ್ಟರೆ ಅದೇನು ಮಾಡುತ್ತದೆ? ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಅವರ ಸಂಗಡಿಗರು ಇದನ್ನು ನಿಜವಾಗಿಯೂ ಮಾಡಿ ನೋಡಿ, ಕಂಡದ್ದನ್ನು 1986ರಲ್ಲಿ ಪ್ರಕಟಿಸಿದರು. ಎರಡೂವರೆ ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮಗು ಮಿಡತೆಯನ್ನು ಬಾಯಿಗೆ ಹಾಕಿಕೊಂಡು ತಿಂದಿತ್ತು. ವಯಸ್ಸು ಏರಿದಂತೆ ತಿನ್ನುವ ಮಕ್ಕಳು ಕಡಿಮೆಯಾದರು. ಹುಳು ಕಂಡರೆ ಹೇಸಿಗೆಪಡುವ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಅಮ್ಮನ ಮುಖ ಕಿವುಚಿದ್ದು, ಅಕ್ಕ ಚೀರಿದ್ದು, "ಛೀ, ಬಿಸಾಕು" ಎಂಬ ಗದರಿಕೆ ಎಲ್ಲ ಸೇರಿ ಮಗುವಿಗೆ ಯಾವುದು ಊಟ, ಯಾವುದು ಅಲ್ಲ ಎಂಬುದನ್ನು ಕಲಿಸುತ್ತವೆ.

ಹೇಸಿಗೆಯ ಜೊತೆಗೆ ಇನ್ನೊಂದು ಅಡ್ಡಿ ಇದೆ: ಹೊಸ ಆಹಾರದ ಭಯ. ಎರಡರಿಂದ ಆರು ವರ್ಷದವರೆಗೆ ಇದು ಜೋರಾಗಿರುತ್ತದೆ. ಹಾಗಲಕಾಯಿ ಪಲ್ಯ ಕಂಡರೆ ತುಟಿ ಬಿಗಿಯುವ ಮಕ್ಕಳನ್ನು ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಮೇಲೆ ಈ ಭಯ ಮೆಲ್ಲಗೆ ಇಳಿಯುತ್ತದೆ. ಹದಿಹರೆಯದವರು ಮನೆಯಿಂದ ಹೊರಗೆ, ಗೆಳೆಯರ ಗುಂಪಿನಲ್ಲಿ ಉಣ್ಣತೊಡಗಿದಾಗ ನಾಲಿಗೆಯ ಸರಹದ್ದು ಹಿಗ್ಗುತ್ತದೆ. ಕೆನಡಾದ ಪೆಟ್ರೀಷಿಯಾ ಪ್ಲೈನರ್ ಮತ್ತು ಕ್ಯಾರೆನ್ ಹಾಬ್ಡನ್ 1992ರಲ್ಲಿ ಈ ಭಯವನ್ನು ಅಳೆಯಲು ಹತ್ತು ಹೇಳಿಕೆಗಳ ಒಂದು ಮಾಪಕ ರೂಪಿಸಿದರು. ಕೀಟಾಹಾರದ ಮೇಲಿನ ಅಧ್ಯಯನಗಳಲ್ಲಿ ಇಂದಿಗೂ ಅದರದೇ ಬಳಕೆ.

ಹಾಗಾದರೆ ಕೀಟ ತಿನ್ನಲು ಯುವಜನ ಹಿರಿಯರಿಗಿಂತ ಹೆಚ್ಚು ಸಿದ್ಧರೇ? ಕೀಟ ತಿನ್ನುವ ವಾಡಿಕೆಯೇ ಇಲ್ಲದ ಯುರೋಪಿನಲ್ಲಿ ಈ ಪ್ರಶ್ನೆಯನ್ನು ಬಹಳ ಕೇಳಿದ್ದಾರೆ. ಬೆಲ್ಜಿಯಂನ ವಿಮ್ ವೆರ್ಬೆಕೆ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಐದರಲ್ಲೊಬ್ಬರು ಮಾಂಸದ ಬದಲು ಕೀಟಕ್ಕೆ ಒಪ್ಪಿದರು. ಅವರಲ್ಲಿ ಎದ್ದು ಕಂಡವರು ಕಿರಿಯ ವಯಸ್ಸಿನ ಗಂಡಸರು: ಮಾಂಸದ ಮೇಲೆ ಅಷ್ಟೇನೂ ಮೋಹವಿಲ್ಲದವರು, ಹೊಸದನ್ನು ತಿಂದು ನೋಡುವವರು, ಪರಿಸರದ ಚಿಂತೆ ಇರುವವರು. ಆದರೆ ಯೌವನವೊಂದಿದ್ದರೆ ಸಾಕು ಎನ್ನುವಂತಿಲ್ಲ. ಜರ್ಮನಿಯಲ್ಲಿ ಡ್ಯೂಪಾಂಟ್ ಮತ್ತು ಫೀಬೆಲ್ಕಾರ್ನ್ 718 ಮಕ್ಕಳು ಮತ್ತು ಹದಿಹರೆಯದವರನ್ನು ಕೇಳಿದಾಗ, ಅವರು ಕೀಟದ ಬರ್ಗರಿಗಿಂತ ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸದ ಬರ್ಗರನ್ನು ಹೆಚ್ಚು ಮೆಚ್ಚಿದರು. ಹೇಸಿಗೆಯ ಪ್ರಮಾಣ ಎಷ್ಟು, ಹೊಸತರ ಭಯ ಎಷ್ಟು ಎಂಬುದೇ ಅಲ್ಲಿಯೂ ದೊಡ್ಡ ನಿರ್ಣಾಯಕ.

ಇವೆಲ್ಲವುಗಳಲ್ಲಿ ನನಗೆ ಅತಿ ಮುಖ್ಯ ಎನಿಸುವುದು 2018ರಲ್ಲಿ ಪ್ರಕಟವಾದ ಜರ್ಮನಿಯ ಇನ್ನೊಂದು ಪ್ರಯೋಗ. ಸೆಬಾಸ್ಟಿಯನ್ ಬರ್ಗರ್ ಮತ್ತು ಸಂಗಡಿಗರು ಜನರಿಗೆ ಮೊದಲು ಒಂದು ಜಾಹೀರಾತು ಓದಿಸಿದರು. ಕೆಲವರಿಗೆ ಕೊಟ್ಟದ್ದರಲ್ಲಿ ಕೀಟಾಹಾರ ಪರಿಸರಕ್ಕೆ, ಆರೋಗ್ಯಕ್ಕೆ ಒಳ್ಳೆಯದು ಎಂದಿತ್ತು. ಇನ್ನು ಕೆಲವರಿಗೆ ಕೊಟ್ಟದ್ದರಲ್ಲಿ ಇದು ರುಚಿ, ಇದು ಹೊಸ ಫ್ಯಾಷನ್ ಎಂದಿತ್ತು. ಆಮೇಲೆ ಹಿಟ್ಟುಹುಳುವಿನ ಹೂರಣವಿದ್ದ ಚಾಕೊಲೇಟ್ ಉಂಡೆಯನ್ನು ಮುಂದಿಟ್ಟರು. ರುಚಿ, ಫ್ಯಾಷನ್ನಿನ ಮಾತು ಓದಿದವರಲ್ಲಿ ಶೇ 76ರಷ್ಟು ಜನ ಅದನ್ನು ತಿಂದರು. ಲೋಕಹಿತ, ಆರೋಗ್ಯದ ಮಾತು ಓದಿದವರಲ್ಲಿ ಶೇ 61. ಉಪದೇಶ ಕೇಳಿದವರು ಹಿಂಜರಿದರು, ಬಾಯಲ್ಲಿ ನೀರೂರಿದವರು ಕೈ ಚಾಚಿದರು. ಸಿರಿಧಾನ್ಯ ತಿನ್ನಿ, ಸೊಪ್ಪು ತಿನ್ನಿ ಎಂದು ಮಕ್ಕಳಿಗೆ ದಿನಾ ಬೋಧಿಸುವ ನಾವೆಲ್ಲ ಇದನ್ನು ಗಮನಿಸಬೇಕು.

ಉಪದೇಶದಲ್ಲಿ ಹುರುಳಿಲ್ಲ ಎಂದಲ್ಲ. ಕೀಟಗಳು ಶೀತರಕ್ತದ ಜೀವಿಗಳು. ಮೈ ಬೆಚ್ಚಗಿಟ್ಟುಕೊಳ್ಳಲು ಮೇವು ಸುಡಬೇಕಿಲ್ಲ. ಅಷ್ಟೇ ಪ್ರೊಟೀನು ಕೊಡಲು ದನಕ್ಕೆ ಬೇಕಾಗುವ ಮೇವಿನ ಆರನೇ ಒಂದು ಪಾಲು ಚಿಮ್ಮಂಡೆಗಳಿಗೆ ಸಾಕು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಲೆಕ್ಕ ಕೊಟ್ಟಿದೆ. ಅದರ 2013ರ ವರದಿ ಪ್ರಕಟವಾದ ಮೇಲೆಯೇ ಈ ವಿಷಯ ಜಗತ್ತಿನ ಮಾತಾದದ್ದು. ಐರೋಪ್ಯ ಒಕ್ಕೂಟ 2021ರಿಂದ 2023ರ ಆರಂಭದೊಳಗೆ ಹಿಟ್ಟುಹುಳು, ಮಿಡತೆ, ಚಿಮ್ಮಂಡೆ ಸೇರಿ ನಾಲ್ಕು ಜಾತಿಗಳನ್ನು ಆಹಾರವೆಂದು ಒಪ್ಪಿತು. ಸಿಂಗಪುರ 2024ರಲ್ಲಿ 16 ಜಾತಿಗಳಿಗೆ ಅನುಮತಿ ಕೊಟ್ಟಿತು.

ಅನುಮತಿ ಸಿಕ್ಕಿದ್ದೆಲ್ಲ ಊಟವಾಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 2014ರಲ್ಲೇ ಕೀಟದ ಬರ್ಗರು ಸೂಪರ್ ಮಾರ್ಕೆಟ್ಟಿಗೆ ಬಂದಿತ್ತು. ಅದನ್ನು ಕೊಂಡು ತಿಂದವರನ್ನು ಜೋನಸ್ ಹೌಸ್ ಎಂಬ ಸಂಶೋಧಕ ಮಾತನಾಡಿಸಿದರು. ಮೊದಲ ಸಲ ಕೊಂಡದ್ದು ಕುತೂಹಲಕ್ಕೆ, ಪರಿಸರದ ಕಾಳಜಿಗೆ. ಮತ್ತೆ ಮತ್ತೆ ಕೊಳ್ಳುವುದಕ್ಕೆ ಬೇಕಾದದ್ದು ಬೇರೆಯೇ: ರುಚಿ, ಬೆಲೆ, ಹತ್ತಿರದಲ್ಲಿ ಸಿಗುವುದು, ಮನೆಯ ದಿನದ ಅಡುಗೆಗೆ ಹೊಂದುವುದು. "ಒಂದು ತಿಂದು ನೋಡ್ತೀನಿ" ಎನ್ನುವ ಧೈರ್ಯಕ್ಕೂ "ಇವತ್ತು ಅದನ್ನೇ ಮಾಡಮ್ಮಾ" ಎನ್ನುವ ಹಂಬಲಕ್ಕೂ ನಡುವೆ ಬಹಳ ದೂರ. ಯುವಜನರ ಒಲವಿನ ಸಮೀಕ್ಷೆಗಳು ಹೆಚ್ಚಾಗಿ ಧೈರ್ಯವನ್ನಷ್ಟೇ ಅಳೆಯುತ್ತವೆ.

ಹಂಬಲ ಹೇಗಿರುತ್ತದೆ ಎಂದು ನೋಡಲು ನಮ್ಮ ಮಲೆನಾಡಿಗೆ ಬರಬೇಕು. ಮಾವು, ಹಲಸು, ಗೇರು ಮರಗಳ ಹಸಿರೆಲೆಗಳನ್ನು ತಮ್ಮ ಮರಿಗಳು ಉಗುಳುವ ರೇಷ್ಮೆಯಿಂದ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಚಗಳಿ. ಗೂಡಿಗೆ ಕೈ ಹಾಕಿದರೆ ಸಾವಿರ ಇರುವೆ ಮೈಗೇರಿ ಕಚ್ಚುತ್ತವೆ, ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮುತ್ತವೆ. ಹಾಗಾಗಿ ಕೊಂಬೆ ಕಡಿದು ಸೀದಾ ಚೀಲಕ್ಕೆ ಬೀಳಿಸಿ ಬಾಯಿ ಕಟ್ಟುತ್ತಾರೆ. ಉಪ್ಪು ಬೆರೆಸಿ ಇರುವೆ ಸತ್ತ ಮೇಲೆ ಎಲೆಚೂರು ಆರಿಸಿ, ಬಾಣಲೆಯಲ್ಲಿ ಹುರಿದು, ಸೂಜಿಮೆಣಸು, ಬೆಳ್ಳುಳ್ಳಿ, ಕಾಯಿತುರಿ ಹಾಕಿ ಕಲ್ಲಿನಲ್ಲಿ ಅರೆಯುತ್ತಾರೆ. ಹುಣಸೆ ಬೇಡ, ಕಚ್ಚಿದಾಗ ಉರಿಸುವ ಆಮ್ಲವೇ ಚಟ್ನಿಗೆ ಹುಳಿ. ಬಿಸಿ ಅಕ್ಕಿ ರೊಟ್ಟಿಗೋ ಗಂಜಿಗೋ ಇದು ಸೇರಿದರೆ ಆ ದಿನದ ಊಟ ಸಂಪೂರ್ಣ. ಶೀತ, ಕೆಮ್ಮಿಗೂ ಒಳ್ಳೆಯದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಉತ್ತರ ಕನ್ನಡದ ಸಿದ್ದಿಗಳಲ್ಲಿಯೂ ಇದರ ಬಳಕೆ ಉಂಟು. ಬಯಲುಸೀಮೆಯಲ್ಲಿ ಮೊದಲ ಮಳೆಗೆ ಹುತ್ತದಿಂದ ಏಳುವ ಈಚಲು ಹುಳುಗಳನ್ನು ಹಿಡಿದು, ಹುರಿದು, ಕೇರಿ ರೆಕ್ಕೆ ಹಾರಿಸಿ ತಿನ್ನುವವರಿದ್ದಾರೆ. ಇಲ್ಲಿ ಯಾರೂ ಪ್ರೊಟೀನಿನ ಲೆಕ್ಕ ಹೇಳಿ ಮಕ್ಕಳನ್ನು ಒಪ್ಪಿಸಲಿಲ್ಲ. ಅಜ್ಜಿ ಅರೆದಳು, ಅಪ್ಪ ಚಪ್ಪರಿಸಿದ, ಮಗುವೂ ರೊಟ್ಟಿ ಅದ್ದಿತು.

ಇದೇ ಮಕ್ಕಳು ಊರು ಬಿಟ್ಟು ಹಾಸ್ಟೆಲು ಸೇರಿದಾಗ ಚಗಳಿಯ ಮಾತೆತ್ತಲು ಹಿಂಜರಿಯುವುದುಂಟು. ಪಕ್ಕದವನು "ಇರುವೆ ತಿಂತೀರಾ?" ಎಂದು ಮೂಗು ಮುರಿದರೆ ಸಾಕು, ಮೂರು ತಲೆಮಾರಿನ ರುಚಿ ಬಾಯಿ ಮುಚ್ಚಿಕೊಳ್ಳುತ್ತದೆ. ಇದು ನನಗೆ ನೋವಿನ ಸಂಗತಿ. ತಿನ್ನುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಸಸ್ಯಾಹಾರಿಗಳಿಗೆ ಇದರಲ್ಲಿ ಯಾವ ಒತ್ತಾಯವೂ ಇರಕೂಡದು. ಆದರೆ ಸಿಗಡಿ ಸುಕ್ಕ ಚಪ್ಪರಿಸುವವರು ಇರುವೆಗೆ ಮೂಗು ಮುರಿಯಲು ವಿಜ್ಞಾನದ ಆಧಾರವಿಲ್ಲ. ಸಿಗಡಿ, ಏಡಿ, ಇರುವೆ, ಮಿಡತೆ ಎಲ್ಲವೂ ಸಂಧಿಪದಿಗಳೆಂಬ ಒಂದೇ ದೊಡ್ಡ ಬಳಗದವು. ನಂಟು ಎಷ್ಟು ಹತ್ತಿರದ್ದೆಂದರೆ, ಸಿಗಡಿಯ ಟ್ರೊಪೊಮಯೋಸಿನ್ ಎಂಬ ಪ್ರೊಟೀನು ಒಗ್ಗದೆ ಮೈಯೆಲ್ಲ ದದ್ದು ಏಳುವವರಿಗೆ ಕೀಟದಲ್ಲಿರುವ ಅದೇ ಬಗೆಯ ಪ್ರೊಟೀನಿನಿಂದಲೂ ಅಪಾಯವಿದೆ. ಅಂಥವರು ಕೀಟಾಹಾರದ ತಂಟೆಗೆ ಹೋಗಬಾರದು.

ಮೂಗು ಮುರಿಯುವಿಕೆ ಕಡಿಮೆಯಾಗುವ ಕಾಲ ಬರುತ್ತಿದೆ. ಒಡಿಶಾದ ಮಯೂರ್‌ಭಂಜ್‌ನ ಬುಡಕಟ್ಟು ಜನ ಇದೇ ಇರುವೆಯಿಂದ ಮಾಡುವ 'ಕಾಯ್' ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ರುಚಿಗೆ ಫ್ಯಾಷನ್ನಿನ ಬೆಂಬಲವೂ ಸಿಕ್ಕರೆ ಯುವಜನ ಎತ್ತ ವಾಲುತ್ತಾರೆಂದು ಚಾಕೊಲೇಟ್ ಪ್ರಯೋಗವೇ ಹೇಳಿದೆ. ಆಗ ಎದುರಾಗುವ ಪ್ರಶ್ನೆ ಇರುವೆಗಳದು. ಚಗಳಿ ಸಾಕುವ ಕೀಟವಲ್ಲ. ಒಂದೊಂದು ಬಳಗ ಹಲವು ಮರಗಳಲ್ಲಿ ಹತ್ತಾರು ಗೂಡು ಕಟ್ಟುತ್ತದೆ, ರಾಣಿ ಇರುವುದು ಅವುಗಳಲ್ಲೊಂದರಲ್ಲಿ. ಆ ಗೂಡು ಹೋದರೆ ಬಳಗವೇ ಕ್ರಮೇಣ ಅಳಿಯುತ್ತದೆ. ಗೇರುತೋಟದಲ್ಲಿ ಚಿಗುರು ಒಣಗಿಸುವ ಟೀ ಸೊಳ್ಳೆಯನ್ನು ಹಿಡಿದು ತಿನ್ನುವುದೂ ಇದೇ ಚಗಳಿ. ಆದ್ದರಿಂದ ಒಂದು ಮರದ ಎಲ್ಲ ಗೂಡುಗಳನ್ನೂ ಕಡಿಯದೆ ಕೆಲವನ್ನು ಬಿಡುವ ಎಚ್ಚರವನ್ನು, ಚಟ್ನಿ ಬಾಟಲಿಗೆ ಇಳಿದು ಪೇಟೆಗೆ ಬರುವ ಮೊದಲೇ, ಗೂಡು ಕೀಳುವವರು, ತೋಟದವರು, ಕೊಳ್ಳುವವರು ಕೂತು ಮಾತಾಡಿಕೊಳ್ಳಬೇಕು.