ಎಣಿಕೆಯ ಕೋಷ್ಟಕ

ಎಣಿಸುವುದು ಮೇಲ್ನೋಟಕ್ಕೆ ಅತಿ ಸುಲಭವಾದ ಕಾರ್ಯ. ಆದರೆ ದೂರ ದೂರದಲ್ಲಿರುವ ಹಲವು ಗಣಕಯಂತ್ರಗಳು ಕೂಡಿ ಒಂದೇ ಲೆಕ್ಕವನ್ನಿಡತೊಡಗಿದಾಗ ಅದು ಜಟಿಲವಾಗುತ್ತದೆ.

ಫೇಸ್‌ಬುಕ್ ಸಂಸ್ಥೆಯಲ್ಲಿ ರೂಪುಗೊಂಡು 2008ರಲ್ಲಿ ಎಲ್ಲರಿಗೂ ಮುಕ್ತವಾದ ಕಸಾಂಡ್ರ ಎಂಬ ದತ್ತಸಂಚಯದಲ್ಲಿ ಒಂದೇ ಮಾಹಿತಿಯ ಪ್ರತಿಗಳು ಹಲವು ಯಂತ್ರಗಳಲ್ಲಿರುತ್ತವೆ. ಒಂದು ಯಂತ್ರ ಕೆಟ್ಟರೂ ಉಳಿದವು ಕೆಲಸವನ್ನು ಮುಂದುವರಿಸುತ್ತವೆ.

ಒಂದು ಪುಸ್ತಕವನ್ನು ಎಷ್ಟು ಮಂದಿ ಓದಿದರೆಂದು ಎಣಿಸಬೇಕಾಗಿದೆಯೆನ್ನೋಣ. ಇಬ್ಬರು ಏಕಕಾಲದಲ್ಲಿ 10 ಎಂಬ ಸಂಖ್ಯೆಯನ್ನು ನೋಡಿ, ಒಂದನ್ನು ಕೂಡಿಸಿ, 11 ಎಂದು ಬರೆದರೆ ಒಬ್ಬ ಓದುಗನ ಲೆಕ್ಕ ಕಳೆದುಹೋಗುತ್ತದೆ. ಈ ದೋಷದ ನಿವಾರಣೆಗಾಗಿ 2011ರಲ್ಲಿ ಕಸಾಂಡ್ರಕ್ಕೆ ಎಣಿಕೆಯ ಅಂಕಣವನ್ನು ಸೇರಿಸಲಾಯಿತು. ಇದರಲ್ಲಿ ಸಂಖ್ಯೆಯನ್ನು ನೇರವಾಗಿ ಬರೆಯುವಂತಿಲ್ಲ. ‘ಇಷ್ಟು ಕೂಡಿಸು’ ಅಥವಾ ‘ಇಷ್ಟು ಕಳೆ’ ಎಂದಷ್ಟೇ ಆಜ್ಞಾಪಿಸಬಹುದು. ಪ್ರತಿಯನ್ನು ಹೊಂದಿರುವ ಯಂತ್ರಗಳ ಪಾಲಿನ ಲೆಕ್ಕಗಳು ಬೇರೆ ಬೇರೆಯಾಗಿರುತ್ತವೆ. ಅವುಗಳ ಮೊತ್ತವೇ ಉತ್ತರ.

ಇಂತಹ ಕೋಷ್ಟಕದಲ್ಲಿ ಸಾಲನ್ನು ಗುರುತಿಸುವ ಕೀಲಿಯ ಹೊರತು ಉಳಿದ ಅಂಕಣಗಳೆಲ್ಲ ಎಣಿಕೆಯವೇ ಆಗಿರಬೇಕು. ಪುಸ್ತಕದ ಲೇಖಕ, ಬೆಲೆ ಮುಂತಾದ ವಿವರಗಳಿಗೆ ಬೇರೊಂದು ಕೋಷ್ಟಕ ಬೇಕು. ಪುಸ್ತಕದ ಸಂಖ್ಯೆಯೊಡನೆ ದಿನಾಂಕವನ್ನೂ ಕೀಲಿಯಲ್ಲಿ ಸೇರಿಸಿದರೆ ದಿನದಿನದ ಲೆಕ್ಕ ದೊರೆಯುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ಆಜ್ಞೆಗೆ ಸಕಾಲದಲ್ಲಿ ಉತ್ತರ ಬಾರದಿದ್ದರೆ ಅದು ನೆರವೇರಿತೋ ಇಲ್ಲವೋ ತಿಳಿಯದು. ಮತ್ತೆ ಕಳುಹಿಸಿದರೆ ಎಣಿಕೆ ಎರಡಾಗಬಹುದು, ಸುಮ್ಮನಿದ್ದರೆ ಬಿಟ್ಟುಹೋಗಬಹುದು. ಓದುಗರ ಸಂಖ್ಯೆಯಲ್ಲಿ ಒಂದೆರಡು ಹೆಚ್ಚುಕಡಿಮೆಯಾದರೆ ಬಾಧಕವಿಲ್ಲ. ಹಣದ ಲೆಕ್ಕದಲ್ಲಿ ಅದು ಸಲ್ಲದು. ಅಲ್ಲಿ ಪ್ರತಿಯೊಂದು ವ್ಯವಹಾರವನ್ನೂ ತನ್ನದೇ ಆದ ಗುರುತಿನ ಸಂಖ್ಯೆಯೊಡನೆ ಬರೆದಿಡುವುದು ಲೇಸು. ಅದನ್ನೇ ಮತ್ತೆ ಬರೆದರೂ ಸಾಲು ಒಂದೇ ಆಗಿರುತ್ತದೆ. ಎಣಿಸುವ ಮೊದಲು ಯಾವುದಕ್ಕಾಗಿ ಎಣಿಸುತ್ತೇವೆಂಬುದನ್ನು ಅರಿಯುವುದೇ ವಿವೇಕ.