ಮಿತವಾದ ಮದ್ಯವೂ ನಿರಪಾಯಕಾರಿಯಲ್ಲ

ಮದ್ಯಪಾನದಿಂದ ಯಕೃತ್ತು ಕೆಡುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಅದು ಅರ್ಬುದಕ್ಕೂ, ಅಂದರೆ ಕ್ಯಾನ್ಸರಿಗೂ, ಕಾರಣವೆಂಬುದನ್ನು ಅನೇಕರು ಅರಿಯರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯವನ್ನು, ತಂಬಾಕು ಇರುವ ಮೊದಲನೆಯ ವರ್ಗಕ್ಕೆ ಸೇರಿಸಿತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡ ಕರುಳು ಹಾಗೂ ಸ್ತ್ರೀಯರ ಸ್ತನದ ಕ್ಯಾನ್ಸರುಗಳಿಗೂ ಮದ್ಯಕ್ಕೂ ಇರುವ ನಂಟು ದೃಢಪಟ್ಟಿದೆ.

ದೇಹವನ್ನು ಸೇರಿದ ಮದ್ಯಸಾರವು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಮಾರ್ಪಡುತ್ತದೆ. ಅದು ಜೀವಕೋಶಗಳ ಡಿಎನ್‌ಎಯನ್ನು ಘಾಸಿಗೊಳಿಸಿ, ಆ ಘಾಸಿ ಸರಿಹೋಗದಂತೆಯೂ ತಡೆಯುತ್ತದೆ. ಬಿಯರ್, ವೈನ್, ವಿಸ್ಕಿ, ಹೆಂಡ ಎಂದು ಹೆಸರುಗಳು ಬೇರೆಯಾದರೂ ಒಳಗಿನ ಮದ್ಯಸಾರ ಒಂದೇ. ಬೀಡಿ, ಗುಟ್ಕಾಗಳೂ ಜೊತೆಗೂಡಿದರೆ ಬಾಯಿ ಮತ್ತು ಗಂಟಲಿನ ಅಪಾಯ ಹಲವು ಪಟ್ಟಾಗುತ್ತದೆ.

‘ಮಿತವಾದರೆ ಮದ್ಯವೂ ಔಷಧವೆಂದು ಆಯುರ್ವೇದವೇ ಹೇಳಿದೆಯಲ್ಲವೇ?’ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಚರಕ ಸಂಹಿತೆಯು ವಿಧಿಪೂರ್ವಕ ಸೇವನೆಯ ಗುಣಗಳನ್ನು ಹೇಳಿರುವುದು ನಿಜ. ಆ ಮಾತು ಬರುವ ಅಧ್ಯಾಯವೇ ಮದಾತ್ಯಯವೆಂಬ ರೋಗದ ಚಿಕಿತ್ಸೆಯದು ಎಂಬುದೂ ನಿಜ. ಆದರೆ ಹತ್ತಾರು ವರ್ಷಗಳ ಬಳಿಕ ತಲೆದೋರುವ ಅರ್ಬುದದ ಲೆಕ್ಕವು ದೊರೆತದ್ದು ಅಪಾರ ಜನರನ್ನು ದೀರ್ಘಕಾಲ ಗಮನಿಸಿದ ಇಂದಿನ ಅಧ್ಯಯನಗಳಿಂದ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿತು. ಶಾಸ್ತ್ರವನ್ನು ಗೌರವಿಸುವ ನಾವು ಈ ಸತ್ಯವನ್ನೂ ಒಪ್ಪಲೇಬೇಕು.

ಹಾಗಾದರೆ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳ ಗತಿಯೇನು? ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರವು ಅವುಗಳಲ್ಲಿಯೂ ಇದೆ. ಆದುದರಿಂದ ಅವುಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಮಾತ್ರ ಸೇವಿಸಬೇಕು. ಟಾನಿಕ್ಕೆಂದು ವರ್ಷಗಟ್ಟಲೆ ಕುಡಿಯಲಾಗದು. ಯಕೃತ್ತಿನ ರೋಗಿಗಳೂ ಕುಡಿತವನ್ನು ಬಿಟ್ಟವರೂ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ನುಂಗಲು ತೊಡಕು, ಮಲದಲ್ಲಿ ರಕ್ತ, ಸ್ತನದಲ್ಲಿ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಳ್ಳಬೇಕು. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವುಗಳು ಬರಬಹುದು. ವೈದ್ಯರ ನಿಗಾದಲ್ಲಿ ಬಿಡುವುದೇ ಕ್ಷೇಮ.

ಕುಡಿತಕ್ಕೆ ಸಿಲುಕಿದವರನ್ನು ಹಳಿದು ದೂರವಿಡುವುದು ನಮ್ಮ ದಾರಿಯಲ್ಲ. ಹೆಂಡದ ಮಾರಯ್ಯನಿಗೂ ಶರಣರ ಸಾಲಿನಲ್ಲಿ ಸ್ಥಾನವಿತ್ತು. ಮನೆಯವರ ಆಸರೆ ದೊರೆತರೆ ಬಿಡುವ ಸಂಕಲ್ಪ ಗಟ್ಟಿಯಾಗುತ್ತದೆ; ಕುಡಿತವನ್ನು ಬಿಟ್ಟಂತೆ ಬಾಯಿ ಮತ್ತು ಅನ್ನನಾಳದ ಅಪಾಯವೂ ವರ್ಷಗಳು ಉರುಳಿದಂತೆ ತಗ್ಗುತ್ತದೆ. ಇಷ್ಟಲಿಂಗವನ್ನು ಧರಿಸಿದ ದೇಹವನ್ನು ಕಾಪಾಡಿಕೊಳ್ಳುವುದೂ ಪೂಜೆಯ ಭಾಗವೇ ಎಂದು ನಾವು ಭಾವಿಸುತ್ತೇವೆ.