ಮಳೆಗಾಲಕ್ಕೆ ಮುನ್ನಿನ ಹಪ್ಪಳ

ಉಡುಪಿ, ಕಾಪು, ಕಾರ್ಕಳಗಳ ಗೃಹಿಣಿಯರಿಗೆ ಏಪ್ರಿಲ್, ಮೇ ತಿಂಗಳುಗಳ ಬಿಸಿಲು ದುಸ್ಸಹವಾದರೂ ಅಮೂಲ್ಯವಾದುದು. ಏಕೆಂದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ, ಜೂನ್‌ಗೆ ಮೊದಲು ಒಣಗದ ಹಪ್ಪಳ ಆಮೇಲೆ ಒಣಗುವ ಸಂಭವವಿಲ್ಲ.

ಬಲಿತೂ ಹಣ್ಣಾಗದ ಹಲಸಿನ ತೊಳೆಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಾರುವ ಮುನ್ನವೇ ಉಪ್ಪು, ಮೆಣಸು, ಜೀರಿಗೆಗಳೊಡನೆ ನೀರು ಸೋಕಿಸದೆ ಒರಳಿನಲ್ಲಿ ಕುಟ್ಟಿ, ಎಣ್ಣೆ ಸವರಿದ ಬಾಳೆಲೆಗಳ ನಡುವೆ ಉಂಡೆಯಿಟ್ಟು ಒತ್ತಿ, ಚಾಪೆಯ ಮೇಲೆ ಹರಡುವುದು ಕ್ರಮ. ಕಾಯಿಯ ಆಯ್ಕೆಯೇ ಇಲ್ಲಿ ಸರ್ವಸ್ವ: ತೀರ ಎಳೆಯದಾದರೆ ಪಿಷ್ಟ ಸಾಲದೆ ಹಪ್ಪಳ ಬಿರಿಯುವುದು, ಹಣ್ಣಾಗತೊಡಗಿದ್ದರೆ ಪಿಷ್ಟವು ಸಕ್ಕರೆಯಾಗಿ ಪರಿಣಮಿಸಿ, ಬಾಣಲೆಯಲ್ಲಿ ಕ್ಷಣಮಾತ್ರದಲ್ಲಿ ಕರಕಾಗುವುದು. ಹಿಟ್ಟಿನಲ್ಲಿ ಹಿತವೆನಿಸಿದ ಉಪ್ಪು ನೀರಾರಿದ ಮೇಲೆ ಅತಿಯಾಗುವುದಲ್ಲದೆ, ಕಾಪುವಿನ ಕಡಲಗಾಳಿಯಿಂದ ತೇವವನ್ನೂ ಸೆಳೆಯುವುದು.

ಮಾವಿನ ಮಿಡಿಯ ಉಪ್ಪಿನಕಾಯಿಯಲ್ಲಿ ಉಪ್ಪಿನ ನಿಯಮ ಇದಕ್ಕೆ ವಿಪರೀತ. ಅಲ್ಲಿ ಹರಳುಪ್ಪು ಧಾರಾಳವಾಗಿದ್ದು, ತೊಟ್ಟು ಕಳಚದ ಮಿಡಿ ತನ್ನ ನೀರನ್ನೆಲ್ಲ ಬಿಟ್ಟು ಸುಕ್ಕುಗಟ್ಟುವವರೆಗೂ ಭರಣಿಯಲ್ಲಿರಬೇಕು. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ, ಮೆಣಸುಗಳನ್ನು ಅದರಲ್ಲಿ ಅರೆದು ಬೆರೆಸಬೇಕು.

ಮಣಿಪಾಲದ ಬಹುಮಹಡಿ ಮನೆಗಳಿಗೆ ಅಂಗಳವಿಲ್ಲವೆಂಬುದು ನಿಜ. ಆದರೆ ಹಪ್ಪಳಕ್ಕೆ ತಾರಸಿಯೂ ಸಾಕು, ಕಾಗೆಗಳಿಂದ ಕಾಯಲು ಮಾತ್ರ ಯಾರಾದರೊಬ್ಬರಿಗೆ ಪುರಸೊತ್ತಿರಬೇಕು.